ಮುಂದಿನ ವಾರದ ಹೂವು

ವಿಡಿಯೋದಲ್ಲಿ ಕಾಣಿಸಿಕೊಳ್ಳುವ ಆಸೆ ಟೊಮ್ಯಾಟೊ ಗಿಡಕ್ಕಿರಲಿಲ್ಲ; ಇದ್ದದ್ದು ನನಗೆ. ಇದನ್ನು ಮೊದಲೇ ಹೇಳಿಬಿಟ್ಟರೆ ಶಾಂತಕ್ಕನ ಬಗ್ಗೆ ಬರೆಯುವುದು ಸುಲಭ.

ಬಸವೇಶ್ವರನಗರದಲ್ಲಿ ನಾನು ಬಾಡಿಗೆಗಿದ್ದ ಮಹಡಿಕೋಣೆಯ ಒಡತಿ ಶಾಂತಕ್ಕ ಹೂವಿಗೆ ಹಲ್ಲುಜ್ಜಿಸುವವರು. ಮಗಳು ತಂದುಕೊಟ್ಟ ಬ್ಯಾಟರಿ ಬ್ರಶ್ಶು ಅವರ ಬಾಯಿಗೆ ಒಂದು ದಿನವೂ ಹೋಗಿರಲಿಲ್ಲ. ಬಿಸಿಲೇರುವ ಮೊದಲು ಸೆರಗು ಸಿಕ್ಕಿಸಿಕೊಂಡು, ಗುಂಯ್‌ಗುಡುವ ಬ್ರಶ್ಶಿನ ಬೆನ್ನನ್ನು ಹೂಗೊಂಚಲಿನ ತೊಟ್ಟಿಗೆ ತಾಗಿಸುವರು. ಹೂವಿನ ಪರಾಗದ ಪುಡಿ ಉದುರಿ ಅದರದೇ ನಡುಕಡ್ಡಿಯ ತುದಿಗೆ ಅಂಟಿದರೆ ಕಾಯಿ. “ಈ ಓಣಿಗೆ ನಾನ ಜೇನು, ತಮ್ಮಾ” ಎನ್ನುವರು.

ಆ ಟೊಮ್ಯಾಟೊ ಗಿಡ ಹಾವೇರಿ ಕಡೆಯ ಅವರ ತವರಿನ ತಳಿ. ಏಣೇಣಾಗಿ ಕುಂಬಳದ ಮರಿಯಂತೆ ಕಾಣುವ ಹುಳಿ ಹಣ್ಣು. ಈಗ ಅಲ್ಲಿ ಯಾರೂ ಅದನ್ನು ಹಾಕುವುದಿಲ್ಲವಂತೆ. ಡಬ್ಬಿಯಲ್ಲಿ ಉಳಿದಿದ್ದ ಹಳೆಯ ಬೀಜವನ್ನೆಲ್ಲ ಬಿತ್ತಿದರೂ ಮೊಳೆತದ್ದು ಒಂದೇ ಸಸಿ. ಅದು ಆ ಬೇಸಿಗೆ ಕಾಯಿ ಕಚ್ಚದಿದ್ದರೆ ತಳಿಯೇ ಮುಗಿಯುತ್ತಿತ್ತು. ಅದಕ್ಕೇ ಕುಂಡವನ್ನು ತಾರಸಿಯ ನೀರಿನ ಟ್ಯಾಂಕಿನ ನೆರಳಿಗೆ ಸೇರಿಸಿದ್ದರು.

ನಾನು ಕಂಡವರನ್ನೆಲ್ಲ ಅಣಕಿಸುವವನು. ನನ್ನ ನಡಿಗೆಯನ್ನೂ ಬಿಟ್ಟಿಲ್ಲ: ಆಫೀಸಿಗೆ ಲೇಟಾದ ಬಾತುಕೋಳಿ. ಏಪ್ರಿಲ್‌ನ ಒಂದು ದಿನ ಶಾಂತಕ್ಕ ಮದುವೆಗೆ ಹೋಗಿದ್ದಾಗ, ಬೆಡ್‌ಶೀಟನ್ನೇ ಸೀರೆಯಾಗಿ ಸುತ್ತಿ, ಬ್ರಶ್ಶು ಹಿಡಿದು ವಿಡಿಯೋ ಮಾಡಿಕೊಂಡೆ. ಬೆಳಕು ಸಾಲದೆಂದು ಕುಂಡವನ್ನು ತಾರಸಿಯ ನಡುವೆ ಎಳೆದಿದ್ದೆ. ನೆಲಕ್ಕೆ ಹೊಸದಾಗಿ ಬಳಿದ ಬಿಳಿ ಬಣ್ಣ ಕಣ್ಣಿಗೆ ರಾಚುತ್ತಿತ್ತು. ಅಷ್ಟರಲ್ಲಿ ಕಾಮಾಕ್ಷಿಪಾಳ್ಯದ ಗೆಳೆಯ ಊಟಕ್ಕೆ ಕರೆದ, ಹೋದೆ. ಕುಂಡ ಅಲ್ಲೇ ಉಳಿಯಿತು.

ಸಂಜೆ ಬಂದಾಗ ಶಾಂತಕ್ಕ ಕುಂಡದ ಮುಂದೆ ಕೂತಿದ್ದರು. ನಕ್ಕಾರೆಂದು ವಿಡಿಯೋ ತೋರಿಸಿದೆ. ಕೊನೆಯವರೆಗೂ ನೋಡಿದರು, ನನ್ನನ್ನಲ್ಲ. ಗಿಡದ ನೆರಳು ಎಷ್ಟು ಗಿಡ್ಡವಿದೆ, ಬಿಸಿಲು ಎಷ್ಟು ನೆತ್ತಿಗೇರಿದೆ ಎಂದು. ಅಷ್ಟರಲ್ಲಿ ಅವರು ಹಾಕಿದ್ದ ನೀರಿಗೆ ಜೋತ ಎಲೆಗಳು ಎದ್ದು ನಿಂತಿದ್ದವು. ನನಗೆ ಜೀವ ಬಂದಂತಾಯಿತು.

“ನೋಡಿ ಆಂಟಿ, ಏನೂ ಆಗಿಲ್ಲ.”

ಅವರು ಅರಳದ ಮೊಗ್ಗೊಂದನ್ನು ಉಗುರಿನಿಂದ ಸೀಳಿದರು. “ಎಲಿ ಎದ್ದಾವು. ಆದ್ರ ಇದರೊಳಗ ಪುಡಿ ಈಗ ಕಟ್ಟತಿತ್ತು. ಇವತ್ತಿನ ಬಿಸಲು ಮುಂದಿನ ವಾರದ ಹೂವಿಗೆ ಬಡದೈತಿ, ತಮ್ಮಾ.”

ಬೈದಿದ್ದರೆ ಆ ಬೈಗುಳವನ್ನೂ ಕಲಿತು ಆಡಿ ತೋರಿಸುತ್ತಿದ್ದೆನೇನೋ. ಬೈಯಲಿಲ್ಲ. ಕುಂಡವನ್ನು ಇಬ್ಬರೂ ಹೊತ್ತು ಕೆಳಗಿಳಿಸಿ, ಬೆಳಗಿನ ಬಿಸಿಲಷ್ಟೇ ಬೀಳುವ ನೀರಿನ ಸಂಪಿನ ಪಕ್ಕ ಇಟ್ಟು, ಒದ್ದೆ ಗೋಣಿಚೀಲ ಸುತ್ತಿದೆವು. ಬ್ರಶ್ಶನ್ನು ನನ್ನ ಕೈಗೆ ಕೊಟ್ಟರು. ಮರುದಿನದಿಂದ ಜೇನಿನ ಕೆಲಸ ನನ್ನದಾಯಿತು.

ಅರಳಿದ್ದ ಹೂಗಳ ತೊಟ್ಟಿನ ಗಂಟು ಹಳದಿಗೆ ತಿರುಗಿ, ಒಂದೊಂದೇ ಉದುರಿದವು. ಮೊಗ್ಗುಗಳು ಚೆಲುವಾಗಿಯೇ ಅರಳಿದವು. ಆದರೆ ನಡುಕಡ್ಡಿ ಪರಾಗವಿರುವ ಕೊಳವೆ ದಾಟಿ ಹೊರಗೆ ಚಾಚಿತ್ತು; ಪುಡಿ ಉದುರಿದರೂ ಅದರ ತುದಿಗೆ ತಾಗುವಂತಿರಲಿಲ್ಲ. ಕೆಳಗೆ ಕಪ್ಪು ತಟ್ಟೆ ಹಿಡಿದು ಬ್ರಶ್ಶು ತಾಗಿಸಿದರೆ ಪುಡಿಯೇ ಬೀಳಲಿಲ್ಲ. ಅವೂ ಉದುರಿದವು. ರಾತ್ರಿಯೂ ಸೆಕೆ ಇಳಿಯುತ್ತಿರಲಿಲ್ಲ. ಶಾಂತಕ್ಕ ದಿನಾ ಬೆಳಿಗ್ಗೆ ನನ್ನ ಬಾಗಿಲು ತಟ್ಟಿ ಕೆಳಗೆ ಕರೆಯುವರು, ಬಿದ್ದ ಹೂಗಳನ್ನು ನನ್ನಿಂದಲೇ ಆರಿಸುವರು. ಆ ದಿನಗಳಲ್ಲಿ ನಾನು ಯಾರನ್ನೂ ಅಣಕಿಸಿದ ನೆನಪಿಲ್ಲ.

ತುದಿಯಲ್ಲಿ ಒಂದು ಗೊಂಚಲು ಉಳಿದಿತ್ತು, ಮೊಗ್ಗು ಇನ್ನೂ ಸಾಸಿವೆಯಷ್ಟು. ಅದು ಬಲಿಯುವ ಮೊದಲೇ ಮಳೆ ಬಂದು ಸೆಕೆ ಮುರಿಯಿತು. ಅದು ಅರಳಿದ ಬೆಳಿಗ್ಗೆ ತಟ್ಟೆಯ ಮೇಲೆ ಹಳದಿ ಹುಡಿ ಕಂಡಿತು. ನಾನು ಕುಣಿಯಹೋದೆ, ಶಾಂತಕ್ಕ ಕೈಯೆತ್ತಿ ತಡೆದರು. “ಗಂಟು ಹಸರ ಉಳೀಲಿ, ಆಮ್ಯಾಲ ಕುಣಿ.”

ಒಂದು ಹೂವಿನ ಗಂಟು ಹಸಿರಾಗಿ ಉಳಿಯಿತು. ಒಂದೇ ಒಂದು ಹಣ್ಣು. ಅದರ ಬೀಜವನ್ನು ತೊಳೆದು ಒಣಗಿಸುವಾಗ, ಎಲ್ಲಿ ಹಾರಿಸಿಬಿಡುವೆನೋ ಎಂದು ಅವರು ನನ್ನನ್ನು ಫ್ಯಾನ್ ಸ್ವಿಚ್ಚಿನ ಹತ್ತಿರವೂ ಬಿಡಲಿಲ್ಲ.

ಆ ಮಳೆಗಾಲದಲ್ಲೇ ನಾನು ಬ್ಯಾಡರಹಳ್ಳಿಗೆ ಮನೆ ಬದಲಿಸಿದೆ. ಮುಂದಿನ ವರ್ಷ ಶಾಂತಕ್ಕ ತೀರಿಕೊಂಡರು. ನಾನು ಮನೆ ಬಿಟ್ಟ ದಿನ ಗೇಟಿನ ಬಳಿ ಆಡಿದ್ದೇ ಕೊನೆಯ ಮಾತು. ಲಗೇಜ್ ಆಟೋ ಕಾಯುತ್ತಿತ್ತು. ಬೀಜ ಎರಡು ಮನೆಯಲ್ಲಿದ್ದರೆ ಒಳ್ಳೆಯದಲ್ಲವೇ ಎಂದು ಹೆದರುತ್ತಲೇ ಕೇಳಿದೆ. ಅವರು ಒಳಗೆ ಹೋಗಿ, ಪುಟ್ಟ ಪೊಟ್ಟಣವೊಂದನ್ನು ತಂದು ನನ್ನ ಜೇಬಿಗಿಟ್ಟರು.

“ಗಿಡದ ವಿಡಿಯೋ ದಿನಾ ಕಳಿಸ್ತೀನಿ ಆಂಟಿ” ಎಂದೆ.

“ವಿಡಿಯೋ ಬ್ಯಾಡ. ಹಣ್ಣು ಕಳಸು.”