ಲಾಲ್ ಸಾಬ್ ಬಿಚ್ಚಿದ ಕ್ಲಚ್

ಲಾಲ್ ಸಾಬ್ ಕಲ್ಲೆದೆಯ ಮನುಷ್ಯ. ಅದರ ಮೇಲೆ ಜಂಬ ಬೇರೆ. ದಾವಣಗೆರೆಯಲ್ಲಿ ಮೋಟಾರು ಇಟ್ಟುಕೊಂಡಿದ್ದವರೆಲ್ಲ ಈ ಮಾತನ್ನು ಒಪ್ಪುತ್ತಿದ್ದರು. ಗಾಡಿ ಕೆಟ್ಟಾಗ ಮಾತ್ರ ಬೇರೆಲ್ಲಿಗೂ ಹೋಗದೆ ಪಿ.ಬಿ. ರಸ್ತೆಯ ಅವನ ತಗಡಿನ ಶೆಡ್ಡಿಗೇ ಬರುತ್ತಿದ್ದರು. ಯುದ್ಧದ ಕಾಲದಲ್ಲಿ ಅವನು ಸೈನ್ಯದ ವರ್ಕ್‌ಶಾಪಿನಲ್ಲಿ ಲಾರಿ ರಿಪೇರಿ ಕಲಿತಿದ್ದ. ಯುದ್ಧ ಮುಗಿದ ಮೇಲೆ ಊರಿಗೆ ಮರಳಿ ಶೆಡ್ಡು ಹಾಕಿದ. ಅಂದಿನಿಂದ ಹದಿನಾರು ವರ್ಷ, ತಾನು ಕೂಡಿಸಿದ್ದರಲ್ಲಿ ಒಂದು ಬೋಲ್ಟು ಸಡಿಲಿತ್ತೆಂದು ಅವನು ಯಾರ ಮುಂದೆಯೂ ಒಪ್ಪಿರಲಿಲ್ಲ. ಒಪ್ಪುವ ಪ್ರಸಂಗವೇ ಬಂದಿಲ್ಲ ಎನ್ನುವುದು ಅವನ ವಾದ.

ಎಲ್ಲ ಕೆಲಸ ಬರುತ್ತಿದ್ದರೂ ಅವನ ಹೆಸರು ನಿಂತಿದ್ದು ಕ್ಲಚ್ಚಿನ ಮೇಲೆ. ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ತಟ್ಟೆಯಂಥ ಒಂದು ಪ್ಲೇಟು ಇರುತ್ತದೆ. ಅದರ ಎರಡೂ ಮೈಗೆ ರಿವೆಟ್ ಹೊಡೆದು ಕೂಡಿಸಿದ ಲೈನಿಂಗ್ ಸವೆದುಹೋದರೆ ಇಂಜಿನ್ ಎಷ್ಟು ಅರಚಿಕೊಂಡರೂ ಗಾಡಿ ಮುಂದೆ ಹೋಗುವುದಿಲ್ಲ. ಸವೆದ ಪ್ಲೇಟನ್ನು ಲಾಲ್ ಸಾಬ್ ಬೆಳಕಿಗೆ ಹಿಡಿದು ನೋಡುತ್ತಿದ್ದ, ಹೆಬ್ಬೆರಳಿನಿಂದ ಒಂದು ಸುತ್ತು ಸವರುತ್ತಿದ್ದ, ಆಮೇಲೆ ಡ್ರೈವರನ ಚಾಳಿ ಹೇಳುತ್ತಿದ್ದ. ಇವನು ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತಾನೆ. ಇವನು ಎರಡನೇ ಗೇರಿನಲ್ಲಿ ಗಾಡಿ ಎತ್ತುತ್ತಾನೆ. ಇವನು ಇಳಿಜಾರಿನಲ್ಲಿ ನಿದ್ದೆ ಹೊಡೆಯುತ್ತಾನೆ. ಇಷ್ಟನ್ನೂ ಹೇಳುವುದು ಮಾಲೀಕನಿಗೆ, ಡ್ರೈವರು ಪಕ್ಕದಲ್ಲಿ ನಿಂತು ಕೇಳುತ್ತಿರುವಾಗ.

ಹೆಂಡತಿ ಇಮಾಂಬಿಯ ತಮ್ಮ ಕುತುಬುದ್ದೀನ್ ಹರಿಹರದಲ್ಲಿ ಒಬ್ಬರ ಲಾರಿ ಓಡಿಸುತ್ತಿದ್ದ. ಆ ಲಾರಿಯೂ ಒಮ್ಮೆ ಶೆಡ್ಡಿಗೆ ಬಂತು. "ಕಾಲು ಇವಂದೇ ಕೆಟ್ಟೈತ್ರಿ, ಇನ್ನೊಂದು ಪ್ಲೇಟ್ ಹಾಕಿದ್ರೂ ತಿಂತಾನೆ" ಎಂದು ಲಾಲ್ ಸಾಬ್ ಮಾಲೀಕನಿಗೆ ಹೇಳಿದ. ಕುತುಬುದ್ದೀನನ ಕೆಲಸ ಹೋಯಿತು. ಮರುದಿನ ಬುತ್ತಿ ತಂದ ಇಮಾಂಬಿ ಅದನ್ನು ಬೆಂಚಿನ ಮೇಲೆ ಕುಕ್ಕಿದಳು.

"ನನ್ನ ತಮ್ಮ ಅಂತ ಒಂದು ಮಾತು ನುಂಗಾಕ ಆಗಲಿಲ್ಲೇನು ನಿಮಗೆ?"

"ಯಾರ ತಮ್ಮ ಅಂತ ಪ್ಲೇಟಿಗೆ ಗೊತ್ತಿರ್ತೈತೇನು?"

ಆ ವರ್ಷ ರಂಜಾನ್ ಹಬ್ಬಕ್ಕೆ ಹರಿಹರದ ಬೀಗರು ಯಾರೂ ಬರಲಿಲ್ಲ. ಲಾಲ್ ಸಾಬ್ ಒಬ್ಬನೇ ಕೂತು ಹಬ್ಬದ ಶಾವಿಗೆ ಪಾಯಸ ಸುರಕುಂಬಾ ಕುಡಿದು, ಶೆಡ್ಡಿಗೆ ಬಂದು ಬಾಗಿಲು ತೆಗೆದ.

ಇದೆಲ್ಲ ಪಾಲಯ್ಯನಿಗೆ ಗೊತ್ತಿತ್ತು. ಡ್ರೈವರುಗಳಲ್ಲಿ ಗೊತ್ತಿಲ್ಲದವರಿರಲಿಲ್ಲ. ಆದ್ದರಿಂದ ಅರವತ್ತೆರಡರ ಬೇಸಗೆಯ ಒಂದು ಮುಂಜಾನೆ, ತಾನು ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದ ಮನೆಯ ಲ್ಯಾಂಡ್‌ಮಾಸ್ಟರ್ ಕಾರನ್ನು ನಾಲ್ಕು ಜನ ಹಮಾಲರಿಂದ ತಳ್ಳಿಸಿಕೊಂಡು ಶೆಡ್ಡಿನ ಮುಂದೆ ನಿಲ್ಲಿಸುವಾಗ ಅವನು ಲಾಲ್ ಸಾಬನ ಕಡೆ ತಲೆಯೆತ್ತಿ ನೋಡಲಿಲ್ಲ. ಮಾಲೀಕ ವಾಮದೇವಪ್ಪ, ಹತ್ತಿ ಜಿನ್ನಿಂಗ್ ಕಾರ್ಖಾನೆಯವನು, ಹಿಂದಿನ ಸೀಟಿನಿಂದ ಇಳಿದ.

"ಏಳು ತಿಂಗಳಾತು ನೀವೇ ಹೊಸ ಕ್ಲಚ್ ಹಾಕಿ. ನಿನ್ನೆ ಬೀಗರನ್ನ ಕೂಡ್ರಿಸ್ಕೊಂಡು ಹೊಂಟಿದ್ವಿ. ನಟ್ಟನಡು ರಸ್ತ್ಯಾಗ ಸುಟ್ಟ ವಾಸ್ನಿ ಬಂದು ನಿಂತುಬಿಡ್ತು. ಕಡೀಗೆ ಎತ್ತು ಕಟ್ಟಿ ಎಳ್ಸಿದ್ವಿ. ಮರ್ಯಾದಿ ಉಳೀಲಿಲ್ಲ ಲಾಲ್ ಸಾಬ್ರೆ."

"ಹಳೇದು ಎಷ್ಟು ವರ್ಷ ಬಂದಿತ್ತು?"

"ನಾಕು ವರ್ಷ."

"ಏಳು ತಿಂಗಳಿಗೆ ಹೋಗೈತೆ ಅಂದ್ರೆ ಎರಡೇ ಕಾರಣ. ಕಾಲು ಕೆಟ್ಟಿರಬೇಕು, ಇಲ್ಲ ಕೂಡ್ರಿಸಿದ ಕೈ ಕೆಟ್ಟಿರಬೇಕು." ಲಾಲ್ ಸಾಬ್ ತನ್ನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. "ಕೈ ನಂದು. ಅದು ಕೆಡಲ್ಲ."

"ಅದಕ್ಕೇ ನಿಮ್ಮ ಹತ್ರಾನೇ ತಂದಿದ್ದು" ಎಂದು ವಾಮದೇವಪ್ಪ ಡ್ರೈವರನ ಕಡೆ ತಿರುಗಿದ. "ನೋಡು ಪಾಲಯ್ಯ, ಇವ್ರು ನಿನ್ನ ಕಾಲು ಅಂದ್ರೆ ಬೀಗದಕೈ ಇಲ್ಲೇ ಇಟ್ಟು ನಡಕೊಂಡು ಹೋಗು. ಹಿಂದಿನ ಮನೀನೂ ಖಾಲಿ ಮಾಡು. ಹುಲಿಗೆಮ್ಮಗೆ ನಾನೇ ಹೇಳಿ ಕಳಿಸ್ತೀನಿ."

ಹುಲಿಗೆಮ್ಮ ಪಾಲಯ್ಯನ ಹೆಂಡತಿ. ಗಂಡ, ಹೆಂಡತಿ, ಎರಡು ಹೆಣ್ಣು ಮಕ್ಕಳು ವಾಮದೇವಪ್ಪನ ಹಿತ್ತಲಿನ ಎರಡು ಕೋಣೆಯಲ್ಲಿದ್ದರು. ಕೆಲಸ ಹೋದರೆ ಸೂರೂ ಹೋಗುತ್ತಿತ್ತು. ಆದರೆ ಕ್ಲಚ್ ಸುಟ್ಟಿದ್ದು ಅವನ ಕಾಲಲ್ಲ. ಯಾರ ಕಾಲು ಎಂದು ಅವನಿಗೆ ಗೊತ್ತಿತ್ತು. ಹೇಳುವಂತಿರಲಿಲ್ಲ.

ವಾಮದೇವಪ್ಪನ ಮಗಳು ಕಮಲಕ್ಕ ವಿಧವೆಯಾಗಿ ತವರಿಗೆ ಬಂದು ಆರು ವರ್ಷವಾಗಿತ್ತು. ಸೋಮವಾರಕ್ಕೊಮ್ಮೆ ಕಾರಿನಲ್ಲಿ ಹರಿಹರದ ದೇವಸ್ಥಾನಕ್ಕೆ ಹೋಗಿಬರುತ್ತಿದ್ದಳು. ಗಾಡಿ ಕಲಿಯುತ್ತೇನೆಂದು ಒಮ್ಮೆ ಅಪ್ಪನನ್ನು ಕೇಳಿದಳು. ನಮ್ಮ ಮನೆಯ ಹೆಣ್ಣುಮಗಳು ಸ್ಟೇರಿಂಗ್ ಹಿಡಿದಳೆಂದರೆ ನಾನು ಪೇಟೆಯಲ್ಲಿ ತಲೆಯೆತ್ತಿ ತಿರುಗುವುದು ಹೇಗೆ ಎಂದು ಅಪ್ಪ ರೇಗಿದ. ಅವಳು ಇನ್ನೊಮ್ಮೆ ಕೇಳಲಿಲ್ಲ. ಮುಂದಿನ ಸೋಮವಾರ ಊರು ದಾಟಿದ ಮೇಲೆ ಕಾರು ನಿಲ್ಲಿಸಲು ಹೇಳಿ, ಇಳಿದು ಬಂದು ಚಾಲಕನ ಬಾಗಿಲು ತೆಗೆದಳು.

"ಆ ಕಡೆ ಸರಿದು ಕೂಡು."

"ಸಾವ್ಕಾರ್ರಿಗೆ ಗೊತ್ತಾದ್ರೆ ನನ್ನ ಕಥೆ ಏನ್ರಿ ಅಕ್ಕಾರೆ?"

"ಹೆದರಿಕಿ ಇದ್ರೆ ಇಳಿದು ನಡಕೊಂಡು ಬಾ. ನಾ ಒಬ್ಬಾಕಿನೇ ಹೋಗ್ತೀನಿ."

ಒಬ್ಬಳೇ ಹೋಗಿ ಗುದ್ದಿಬಿಟ್ಟರೆ ಅದೂ ತನ್ನ ತಲೆಗೇ ಬರುವುದೆಂದು ಪಾಲಯ್ಯ ಸರಿದು ಕೂತ. ಆರು ತಿಂಗಳಲ್ಲಿ ಆಕೆ ಚೆನ್ನಾಗಿಯೇ ಕಲಿತಳು. ತೊಂದರೆಯಾದದ್ದು ಹರಿಹರದ ಹತ್ತಿರದ ರೈಲ್ವೆ ಗೇಟಿನಲ್ಲಿ. ಅಲ್ಲಿ ರಸ್ತೆ ಏರಾಗಿತ್ತು, ಮುಂದೆ ಸಾಲಾಗಿ ಎತ್ತಿನ ಗಾಡಿಗಳು. ಕಾರು ಹಿಂದೆ ಜಾರಬಾರದು, ಇಂಜಿನ್ ನಿಲ್ಲಬಾರದು. ನಿಂತರೆ ಗಾಡಿ ಹೊಡೆಯುವವರೆಲ್ಲ ತಿರುಗಿ ನೋಡಿ ನಗುತ್ತಾರೆಂದು ಅವಳಿಗೆ ಅಳುಕು. ಅದಕ್ಕಾಗಿ ಗೇಟು ತೆರೆಯುವವರೆಗೂ ಕ್ಲಚ್ ಪೆಡಲನ್ನು ಅರ್ಧಕ್ಕೆ ಹಿಡಿದು, ಎಕ್ಸಲರೇಟರ್ ಒತ್ತಿಕೊಂಡೇ ಇರುತ್ತಿದ್ದಳು. ಕಾರು ಕದಲದೆ ನಿಲ್ಲುತ್ತಿತ್ತು. ಒಳಗೆ ಪ್ಲೇಟು ಬೇಯುತ್ತಿತ್ತು. ಪಾಲಯ್ಯ ಒಂದೆರಡು ಸಲ ಬೇಡವೆಂದ, ಆಮೇಲೆ ಸುಮ್ಮನಾದ.

ಹಿಂದಿನ ದಿನ ಕಾರು ನಿಂತದ್ದು ತಿಳಿದಾಗ ಅವಳು ಹಿತ್ತಲಿಗೆ ಬಂದು, "ನಾನೇ ಅಪ್ಪಾಜಿಗೆ ಹೇಳ್ತೀನಿ" ಎಂದಿದ್ದಳು.

"ಬ್ಯಾಡ್ರಿ. ನೀವು ಹೇಳಿದ್ರೂ ಹೋಗೋನು ನಾನೇ" ಎಂದಿದ್ದ ಪಾಲಯ್ಯ.

ಲಾಲ್ ಸಾಬ್ ಕಾರನ್ನು ಮರದ ದಿಮ್ಮಿಗಳ ಮೇಲೆ ಎತ್ತರಿಸಿ, ಕೆಳಗೆ ಎರಡು ಗೋಣಿಚೀಲ ಹಾಸಿದ. ಅವನ ಶೆಡ್ಡಿನಲ್ಲಿ ಕೈಯಾಳು ಇರಲಿಲ್ಲ. ಗಾಡಿ ತಂದ ಡ್ರೈವರೇ ಕೆಳಗೆ ಮಲಗಿ ಗೇರ್ ಬಾಕ್ಸಿಗೆ ಎದೆ ಕೊಡಬೇಕು ಎನ್ನುವುದು ಅಲ್ಲಿಯ ಕಾನೂನು. ಭಾರ ಎದೆಯ ಮೇಲೆ ಬಿದ್ದರೆ ಆಮೇಲೆ ಕಾಲು ಹದ್ದುಬಸ್ತಿನಲ್ಲಿರುತ್ತದೆ ಎಂದು ಅವನ ಲೆಕ್ಕ. ವಾಮದೇವಪ್ಪ ಹೊರಗೆ ಕುರ್ಚಿಯಲ್ಲಿ ಕೂತು ಚಹಾ ತರಿಸಿಕೊಂಡ.

ಇಬ್ಬರೂ ಕೆಳಗೆ ಹೊಕ್ಕರು. ಲಾಲ್ ಸಾಬ್ ಹಿಂದಿನ ಶಾಫ್ಟ್ ಕಳಚಿದ, ಬೋಲ್ಟುಗಳನ್ನು ಒಂದೊಂದಾಗಿ ತೆಗೆದು ಟೋಪಿಯಲ್ಲಿ ಹಾಕಿಕೊಂಡ. ಗೇರ್ ಬಾಕ್ಸು ಮೆಲ್ಲಗೆ ಹಿಂದೆ ಸರಿದು ಪಾಲಯ್ಯನ ಎದೆಯ ಮೇಲೆ ಇಳಿಯಿತು.

"ಉಸಿರು ಐತೇನೋ?"

"ಐತ್ರಿ."

"ಹಂಗಾದ್ರೆ ಪಕ್ಕಕ್ಕೆ ಹೊಳ್ಳು. ಅದನ್ನೇನು ಕೂಸು ಮಾಡ್ಕೊಂಡು ತಟ್ಟಿ ಮಲಗಿಸ್ತೀಯ?"

ಗೇರ್ ಬಾಕ್ಸನ್ನು ಗೋಣಿಯ ಮೇಲೆ ಇಳಿಸಿದ್ದಾಯಿತು. ಒಳಗಿನ ಮುಚ್ಚಳಕ್ಕೆ ಆರು ಬೋಲ್ಟು. ಲಾಲ್ ಸಾಬ್ ಒಂದನ್ನೇ ಪೂರ್ತಿ ತಿರುವಲಿಲ್ಲ. ಇದಕ್ಕರ್ಧ ಸುತ್ತು, ಎದುರಿನದಕ್ಕರ್ಧ ಸುತ್ತು, ಹೀಗೆ ಸ್ಪ್ರಿಂಗಿನ ಬಿಗಿ ಒಂದೇ ಸಮ ಸಡಿಲಿಸಿ ಮುಚ್ಚಳ ತೆಗೆದ. ಪ್ಲೇಟು ಅವನ ಅಂಗೈಗೆ ಬಿತ್ತು. ಲೈನಿಂಗು ಕರ್ರಗೆ ಸುಟ್ಟು ಗಾಜಿನ ಹಾಗೆ ಹೊಳೆಯುತ್ತಿತ್ತು. ರಿವೆಟ್ಟುಗಳ ತಲೆ ಹೊರಗೆ ಬಂದಿದ್ದವು. ಪ್ಲೇಟು ಒತ್ತಿಕೊಂಡಿದ್ದ ಕಬ್ಬಿಣದ ಚಕ್ರದ ಮೈಮೇಲೆ ಶಾಖಕ್ಕೆ ನೀಲಿ ಕಲೆಗಳು ಎದ್ದಿದ್ದವು. ಹೆಬ್ಬೆರಳು ಒಂದು ಸುತ್ತು ಹೋಯಿತು. ಪಾಲಯ್ಯ ಕಣ್ಣು ಮುಚ್ಚಿಕೊಂಡ.

"ಇದು ನಿನ್ನ ಕಾಲಲ್ಲ" ಎಂದ ಲಾಲ್ ಸಾಬ್, ತಗ್ಗಿದ ದನಿಯಲ್ಲಿ.

ಪಾಲಯ್ಯ ಕಣ್ಣು ತೆರೆದ.

"ನಿನ್ನ ಪ್ಲೇಟು ಆವಾಗ ಬಿಚ್ಚಿದ್ದೆ ನಾನು. ನಾಕು ವರ್ಷ ಓಡಿದ್ರೂ ಒಂದೇ ಸಮ ಸವೆದಿತ್ತು. ಇದು ನಿಂತಲ್ಲೇ ನಿಂತು ಸುಟ್ಟಿರೋದು. ಕಲಿಯೋರ ಕಾಲು. ಸಾವ್ಕಾರ್ರೇನು?"

"ಅಲ್ರಿ."

"ಮತ್ತ್ಯಾರು, ಅವ್ರ ಎತ್ತೇನು? ಬಾಯಿ ಬಿಡೋ. ಇಲ್ಲಾಂದ್ರೆ ಅವ್ರ ಮುಂದೇನೇ ಕೇಳ್ತೀನಿ."

"ಕಮಲಕ್ಕಾರು" ಎಂದ ಪಾಲಯ್ಯ. ಹೇಳಿದ ಕೂಡಲೇ ಎರಡು ಕೋಣೆಯ ಮನೆ, ಒಲೆ, ಬಾವಿಕಟ್ಟೆ ಎಲ್ಲವೂ ಕೈಬಿಟ್ಟುಹೋದವೆಂದು ಅವನಿಗೆ ಅನಿಸಿತು.

ಲಾಲ್ ಸಾಬ್ ಪ್ಲೇಟನ್ನು ಇನ್ನೊಂದು ಮೈಗೆ ತಿರುಗಿಸಿದ. "ಎಲ್ಲಿ ಸುಟ್ಟಿದ್ದು?"

"ಹರಿಹರದ ಗೇಟಿನ ಏರಿನಾಗ. ಇಂಜಿನ್ ನಿಂತ್ರೆ ಗಾಡಿಯೋರು ನಗ್ತಾರೆ ಅಂತ ಪೆಡಲ್ ಬಿಡಂಗಿಲ್ಲ."

"ಕಾರು ಹಿಂದಕ್ಕೆ ಹೊಡೀತಾರೇನು ಅವ್ರು?"

"ಹೊಡೀತಾರ್ರಿ. ಸಂದಿಯಾಗ ನನಗಿಂತ ಚೊಲೋ ಹೊಡೀತಾರೆ."

"ಹ್ಞೂಂ."

ಹೊರಗೆ ಕುರ್ಚಿ ಸರಿದ ಸದ್ದಾಯಿತು. ವಾಮದೇವಪ್ಪನ ಪಂಚೆ, ಚಪ್ಪಲಿ ಕಾರಿನ ಹತ್ತಿರ ಬಂದು ನಿಂತವು. "ಏನ್ರಿ, ಬಿಚ್ಚಿದ್ರೇನು? ಯಾರ್ದು ತಪ್ಪು?"

"ತಡೀರಿ, ಬಂದೆ."

ಇಳಿಸಿಟ್ಟಿದ್ದ ಗೇರ್ ಬಾಕ್ಸಿನ ಮೂತಿಯಿಂದ ಎಣ್ಣೆ ಜಿನುಗುತ್ತಿತ್ತು. ಲಾಲ್ ಸಾಬ್ ಅದರಲ್ಲಿ ಎರಡು ಬೆರಳು ಅದ್ದಿದ. ಪ್ಲೇಟಿನ ಈ ಮೈಗೆ ಒಂದು ಸುತ್ತು ಸವರಿದ, ಆ ಮೈಗೆ ಒಂದು ಸುತ್ತು. ಪಾಲಯ್ಯ ಎವೆಯಿಕ್ಕದೆ ನೋಡುತ್ತಿದ್ದ.

"ಏರಿನಾಗ ನಿಂತಾಗ ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ತೆಗೆದು, ಕಾಲು ಪೂರಾ ಎತ್ತಬೇಕು ಅಂತ ಹೇಳು ಅವ್ರಿಗೆ. ನಗೋರು ನಗಲಿ" ಎಂದು ಪಿಸುಗುಟ್ಟಿ, ತೆವಳಿಕೊಂಡು ಹೊರಗೆ ಹೋದ.

ಪಾಲಯ್ಯನಿಗೆ ಮಲಗಿದ ಕಡೆಯಿಂದ ಅವರಿಬ್ಬರ ಕಾಲು ಮಾತ್ರ ಕಾಣುತ್ತಿದ್ದವು.

"ನೋಡ್ರಿ ಸಾವ್ಕಾರ್ರೆ, ಎಣ್ಣಿ. ಗೇರ್ ಬಾಕ್ಸಿನ ಸೀಲು ಸರಿಯಾಗಿ ಕೂತಿರಲಿಲ್ಲ. ಎಣ್ಣಿ ಇಳಿದು ಪ್ಲೇಟ್ ಜಾರಿ ಜಾರಿ ಸುಟ್ಟೈತೆ. ಪಾಲಯ್ಯನ ಕಾಲು ಚೊಕ್ಕ ಐತೆ."

"ಸೀಲು ಕೂಡ್ರಿಸಿದ್ದು ಯಾರು?"

"ನಾನೇ."

ವಾಮದೇವಪ್ಪ ಜೋರಾಗಿ ನಕ್ಕ. "ಲಾಲ್ ಸಾಬ್ರ ಕೈ ತಪ್ಪಿತೇನು! ಇದನ್ನ ಇಡೀ ಪೇಟೀಗೆ ಹೇಳ್ತೀನಿ ನೋಡ್ರಿ."

"ಹೇಳ್ರಿ" ಎಂದ ಲಾಲ್ ಸಾಬ್, ಎರಡು ಬೆರಳನ್ನು ಖಾಕಿ ಚಡ್ಡಿಗೆ ಒರೆಸಿಕೊಂಡ.