ಎಷ್ಟು ಮಂದಿ ಹಾಡ್ತಾರ್ರಿ?

‘ಎಷ್ಟು ಮಂದಿ ಹಾಡ್ತಾರ್ರಿ ಅಕ್ಕಾರ?’

ಅಂಗಡಿಯವರು ಕೇಳಿದ್ದು ಇಷ್ಟೇ. ನಾನು ಯೋಚಿಸಲೂ ಇಲ್ಲ. ‘ಒಬ್ಬರೇ’ ಅಂದೆ.

ನಮ್ಮವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಜೋರಾಪುರ ಪೇಟೆಯ ನಮ್ಮ ಮನೆಯ ಮೇಲಿನ ಕೋಣೆಯನ್ನು ಅವರು ರೆಕಾರ್ಡಿಂಗ್ ಸ್ಟುಡಿಯೋ ಮಾಡಿಕೊಂಡಿದ್ದು ನಿಮಗೆ ಹಿಂದೊಮ್ಮೆ ಹೇಳಿದ್ದೆ. (ಗೋಡೆಗೆ ನಿಲ್ಲಿಸಿರುವುದು ನನ್ನ ತವರಿನ ಗಾದಿಗಳು. ಸದ್ದು ಹೀರುತ್ತವಂತೆ.) ಮೈಕು ಬಂತು, ಹೆಡ್‌ಫೋನ್ ಬಂತು. ಉಳಿದದ್ದು ಆಡಿಯೋ ಇಂಟರ್‌ಫೇಸ್. ಅಂದರೆ ಮೈಕಿಗೂ ಲ್ಯಾಪ್‌ಟಾಪಿಗೂ ನಡುವೆ ಕೂರುವ ಒಂದು ಪೆಟ್ಟಿಗೆ. ಮೈಕಿನಲ್ಲಿ ಬಂದ ದನಿಯನ್ನು ಲ್ಯಾಪ್‌ಟಾಪಿಗೆ ತಿಳಿಯುವಂತೆ ಮಾಡಿ ಕೊಡುವುದು ಅದರ ಕೆಲಸ.

ಆ ಪೆಟ್ಟಿಗೆಗಾಗಿ ನಮ್ಮವರು ಮೂರು ವಾರ ಯೂಟ್ಯೂಬ್ ನೋಡಿದರು. ಮದುವೆಗೆ ಮುಂಚೆ ನನ್ನನ್ನು ಅರ್ಧ ತಾಸು ನೋಡಿದ್ದರು.

ಆದರೆ ಈ ಸಲದ ಅವಸರಕ್ಕೆ ಬೇರೆ ಕಾರಣವಿತ್ತು. ಬಬಲೇಶ್ವರದಲ್ಲಿ ಇವರ ಸೋದರತ್ತೆ ಶಾಂತವ್ವ ಇದ್ದಾರೆ. ಬೀಸುವ ಪದ ಹಾಡುವುದರಲ್ಲಿ ಸುತ್ತಲಿನ ಹಳ್ಳಿಗಳಿಗೆಲ್ಲ ಅವರ ಹೆಸರು. ಹಿಟ್ಟಿನ ಗಿರಣಿ ಬಂದ ಮೇಲೂ ಮದುವೆ ಮನೆಯಲ್ಲಿ ಅರಿಷಿಣ ಬೀಸುವ ಶಾಸ್ತ್ರಕ್ಕೆ ಅವರೇ ಬೇಕು. ಅವರ ಗಂಟಲಲ್ಲಿ ಗಂಟು ಕಾಣಿಸಿತು. ‘ತೆಗೆದರೆ ಜೀವಕ್ಕೆ ಭಯವಿಲ್ಲ. ದನಿ ಹೇಗೆ ಉಳಿಯುತ್ತದೋ ಹೇಳಲಾರೆ’ ಎಂದರು ಡಾಕ್ಟರು. ಆಪರೇಷನ್ ಗುರುವಾರಕ್ಕೆ ನಿಗದಿಯಾಗಿತ್ತು. ಅಷ್ಟರೊಳಗೆ ಆ ದನಿಯನ್ನು ಹಿಡಿದಿಡಬೇಕು.

ಒಬ್ಬರೇ ಹಾಡುವವರು, ಒಂದೇ ಮೈಕು ಸಾಕು. ಅಂಗಡಿಯವರು ಅಂಗೈಯಗಲದ ಪುಟ್ಟ ಪೆಟ್ಟಿಗೆ ಕೊಟ್ಟರು. ಎರಡು ತೂತು. ಒಂದು ಮೈಕಿಗೆ, ಇನ್ನೊಂದು ಗಿಟಾರಿಗೆ. (ನಮ್ಮ ಮನೆಯಲ್ಲಿ ಗಿಟಾರು? ಇರಲಿ.)

ಭಾನುವಾರ ಶಾಂತವ್ವ ಬಂದರು. ಜೊತೆಗೆ ಹುಸೇನಬಿ. ಬಬಲೇಶ್ವರದಲ್ಲಿ ಇವರಿಬ್ಬರದೂ ಗೋಡೆಗೆ ಗೋಡೆ ಹತ್ತಿದ ಮನೆ. ಹುಸೇನಬಿ ಮತ್ತು ಅವರ ಯಜಮಾನರು ಈಗ ಟಿಕೋಟಾದಲ್ಲಿ ಮಗಳ ಮನೆಯಲ್ಲಿದ್ದಾರೆ. ಆಪರೇಷನ್ ಸುದ್ದಿ ಕೇಳಿ ಮೊದಲ ಬಸ್ಸಿಗೇ ಹತ್ತಿದ್ದರು.

ಹುಸೇನಬಿಯ ಎರಡೂ ಕೈ ತುಂಬ ಹಸಿರು ಗಾಜಿನ ಬಳೆ. ಕೈ ಎತ್ತಿದರೆ ಗಲ್ ಎನ್ನುತ್ತಿತ್ತು. ನನಗೆ ಇಂಥವೆಲ್ಲ ಬೇಗ ಕಣ್ಣಿಗೆ ಬೀಳುತ್ತವೆ. ‘ಮೈಕಿನಾಗ ಬಳೆ ಸಪ್ಪಳ ಬರುತ್ತದೆ. ನೀವು ಕೆಳಗೆ ಕೂಡ್ರಿ, ಚಹಾ ಕೊಡುತ್ತೇನೆ’ ಎಂದೆ. ಮೆತ್ತಗೇ ಹೇಳಿದೆ. ಮೆತ್ತಗೆ ಹೇಳಿದರೆ ನೋಯುವುದಿಲ್ಲ ಎಂದು ನಮಗೆ ಕಾನ್ವೆಂಟಿನಲ್ಲಿ ಕಲಿಸಿದ್ದರು.

ಅವರು ಕೆಳಗಿಳಿದರು.

ಮೇಲಿನ ಕೋಣೆಯಲ್ಲಿ ಶಾಂತವ್ವ ಮೈಕಿನ ಮುಂದೆ ಕುಳಿತು, ಸೆರಗು ಸರಿ ಮಾಡಿಕೊಂಡು, ಹಾಡತೊಡಗಿದರು.

‘ಮೊರದಾಗಿನ ಬಿಳಿಜ್ವಾಳ...’

ನಿಲ್ಲಿಸಿದರು. ನಮ್ಮವರು ಹೆಡ್‌ಫೋನ್ ತೆಗೆದು ನೋಡಿದರು. ಮತ್ತೆ ‘ಮೊರದಾಗಿನ ಬಿಳಿಜ್ವಾಳ...’ ಮತ್ತೆ ಮೌನ. ಬಲಗೈ ಮೊಣಕಾಲ ಮೇಲೆ ಅರ್ಧ ಸುತ್ತು ತಿರುಗಿ ಅಲ್ಲೇ ನಿಲ್ಲುತ್ತಿತ್ತು. ಕಣ್ಣು ಎದುರಿನ ಗಾದಿಯ ಕಡೆ.

‘ಮರ್ತದೇನ ಅತ್ತಿ?’ ಎಂದರು ಇವರು.

‘ಮರೀಲಿಕ್ಕೇನಾತೋ? ಮುಂದಿಂದು ನಂದಲ್ಲ.’

‘ಮತ್ತ ಯಾರ್ದು?’

‘ಹುಸೇನಿದು.’

ನಮ್ಮವರು ನಕ್ಕರು. ‘ಅದನ್ನೂ ನೀನs ಹಾಡಿಬಿಡು. ಶಬ್ದ ಗೊತ್ತಿಲ್ಲೇನು?’

‘ಗೊತ್ತೈತೋ ಯಪ್ಪಾ. ಬಾಯಿಗಿ ಬರಂಗಿಲ್ಲ. ಬೀಸೂ ಮುಂದ ಗೂಟ ನನ್ನ ಕಡಿಂದ ಹೋಗುವಾಗ ನಾ ಹಾಡಬೇಕು, ಆಕಿ ಕಡಿಂದ ಬರುವಾಗ ಆಕಿ ಹಾಡಬೇಕು. ನಲವತ್ತ ವರ್ಷ ಆತು. ಆಕಿ ಹಾಡುವಾಗ ನಾ ಉಸರ ತಗೋತೀನಿ. ಉಸರೂ ನಾನs, ಹಾಡೂ ನಾನs ಅಂದ್ರ ಹೆಂಗೋ?’

ಎರಡು ಜನ ಎದುರುಬದುರು ಕುಳಿತು ಒಂದೇ ಗೂಟ ಹಿಡಿದು ಕಲ್ಲು ತಿರುಗಿಸುವುದನ್ನು ಎಷ್ಟು ಸಲ ನೋಡಿದ್ದೇನೆ! ಹಾಡೂ ಹಾಗೇ ಅರ್ಧರ್ಧ ಸುತ್ತಿನಲ್ಲಿ ಹೋಗುತ್ತದೆ ಎಂಬುದು ಕಿವಿಗೆ ಬಿದ್ದೇ ಇರಲಿಲ್ಲ. ಮದುವೆ ಮನೆಯಲ್ಲಿ ಎಲ್ಲರೂ ಹೇಳುವುದು ‘ಶಾಂತವ್ವನ ಪದ’ ಎಂದೇ ಅಲ್ಲವೇ?

ನಾಚಿಕೆಯ ಸಂಗತಿಯೆಂದರೆ, ಶಾಲೆಯ ಕ್ವಾಯರಿನಲ್ಲಿ ನಾನು ನಿಲ್ಲುತ್ತಿದ್ದುದು ಹಿಂದಿನ ಸಾಲಿನಲ್ಲಿ. ಮುಂದಿನವರ ಹಾಡಿಗೆ ಆಧಾರವಾಗಿ ನಿಲ್ಲುವ ಕೆಳಗಿನ ದನಿ ನಮ್ಮದು. ಪೇರೆಂಟ್ಸ್ ಡೇ ದಿನ ನಮ್ಮಪ್ಪ, ‘ನೀ ಹಾಡಿದಿಯಾ? ಕೇಳಲೇ ಇಲ್ಲ’ ಎಂದಿದ್ದರು. ಆ ರಾತ್ರಿ ಊಟ ಬಿಟ್ಟವಳು ನಾನು. ಅಂಗಡಿಯಲ್ಲಿ ‘ಒಬ್ಬರೇ’ ಎಂದವಳೂ ನಾನೇ.

ಕೆಳಗೆ ಓಡಿದೆ. ಹುಸೇನಬಿ ಅಡುಗೆಮನೆಯಲ್ಲಿ ನನ್ನ ಮೆಂತ್ಯೆಸೊಪ್ಪು ಸೋಸಿ ಮುಗಿಸಿದ್ದರು. ಕೈ ಬೋಳಾಗಿತ್ತು. ಬಳೆಗಳೆಲ್ಲ ಸಿಂಕಿನ ಕಟ್ಟೆಯ ಮೇಲಿದ್ದವು, ಸೋಪಿನ ನೊರೆ ಇನ್ನೂ ಆರಿರಲಿಲ್ಲ.

‘ಇದೇನ್ರಿ?’

‘ಆಮ್ಯಾಲೆ ಕರದ್ರೂ ಕರೀಬಹುದು ಅಂತ ತಗದೀನ್ರಿ’ ಎಂದರು.

ಮೆತ್ತಗೆ ಹೇಳಿದರೂ ನೋಯುತ್ತದೆ.

ಮೇಲೆ ಬಂದ ಹುಸೇನಬಿಯ ಕೈ ನೋಡಿ ಶಾಂತವ್ವ ಕೆರಳಿದರು. ‘ಹುಚ್ಚಿ! ಗಂಡ ಗುಂಡ್‌ಕಲ್ಲಿನಂಗ ಅದಾನ, ಬಳಿ ತಗೀತಾರೇನ ಬೇ? ಹಾಕ್ಕೊ ಮೊದ್ಲ!’

‘ಸಪ್ಪಳ ಬರತೈತಂತ ಅಕ್ಕಾ.’

‘ಬಂದ್ರ ಬರ್ಲಿ. ಬಳಿ ಇಲ್ದ ಯಾವತ್ತ ಬೀಸೀವಿ?’

ಇಬ್ಬರನ್ನೂ ಒಂದೇ ಮೈಕಿನ ಮುಂದೆ ಕೂಡಿಸಿದೆವು. ಆಗಲಿಲ್ಲ. ಹಾಡು ಬಂತು, ಆದರೆ ಹುಸೇನಬಿ ಪ್ರತಿ ಸಲ ಒಂದು ಗೇಣು ಹಿಂದೆ ಸರಿಯುತ್ತಿದ್ದರು. ‘ಅಕ್ಕನ ದನಿ ಮುಂದಿರ್ಲಿ.’ ಕೇಳಿ ನೋಡಿದರೆ ಅವರ ದನಿ ಪಕ್ಕದ ಮನೆಯಿಂದ ಬಂದಂತಿತ್ತು. ಅವರಿಗೆ ಅವರದೇ ಮೈಕು ಬೇಕು. ಆ ಪುಟ್ಟ ಪೆಟ್ಟಿಗೆಯಲ್ಲಿ ಅದಕ್ಕೆ ಜಾಗವಿಲ್ಲ. ಗಿಟಾರಿಗೆ ಇದೆ!

ಸೋಮವಾರ ಮತ್ತೆ ಅಂಗಡಿಗೆ ಹೋದೆವು. ಅಂಗಡಿಯವರು ಬೇಸರ ಮಾಡಿಕೊಳ್ಳಲಿಲ್ಲ. ‘ನಾ ಮೊದ್ಲs ಕೇಳಿದ್ನೆಲ್ರಿ ಅಕ್ಕಾರ, ಎಷ್ಟು ಮಂದಿ ಅಂತ?’

‘ಇಬ್ಬರು. ಮತ್ತೆ ಬೀಸುವ ಕಲ್ಲು’ ಎಂದೆ.

‘ಕಲ್ಲು?’

‘ಕಲ್ಲಿಗೂ ಒಂದು ಮೈಕು.’

ನಮ್ಮವರು ಡಬ್ಬಿಯ ಮೇಲೆ ನಾಲ್ಕು ಎಂದು ಬರೆದಿದ್ದ ಪೆಟ್ಟಿಗೆಗೆ ಕೈ ಹಾಕಿದರು. ಅಂಗಡಿಯವರು ಅದನ್ನು ತಿರುಗಿಸಿ ತೋರಿಸಿದರು. ನಾಲ್ಕರಲ್ಲಿ ಮೈಕಿಗೆ ಎರಡೇ, ಉಳಿದೆರಡು ಕೀಬೋರ್ಡಿನಂಥ ವಾದ್ಯಕ್ಕೆ. ಡಬ್ಬಿಯ ಮೇಲಿನ ಅಂಕಿ ನಂಬಬಾರದು, ಮೈಕಿನ ತೂತು ಎಣಿಸಬೇಕಂತೆ. ನಿಮ್ಮಲ್ಲಿ ಯಾರಾದರೂ ಕೊಳ್ಳುವವರಿದ್ದರೆ ನೆನಪಿಡಿ. ಮೂರು ಮೈಕು ಬೇಕಾದ ನಮಗೆ ಅವರ ಹತ್ತಿರ ಇದ್ದದ್ದು ಎಂಟರದೊಂದೇ. ನಮ್ಮವರು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರ ಸಾಮಾನಿಗೆ ನಾನು ಹೂಂ ಎಂದದ್ದು ಅದೇ ಮೊದಲು.

ಮಂಗಳವಾರ ಸ್ಟುಡಿಯೋವನ್ನೇ ಹೊತ್ತು ಬಬಲೇಶ್ವರಕ್ಕೆ ಹೊರಟೆವು. ಅಲ್ಲಿಯ ಕಲ್ಲು ಇಲ್ಲಿಗೆ ಬರಲಾರದಲ್ಲ. ಸಾರವಾಡ ದಾಟಿ ಊರು ಮುಟ್ಟುವವರೆಗೂ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಪಡಸಾಲೆಯಲ್ಲಿ ಕಲ್ಲಿನ ಆಚೆ ಶಾಂತವ್ವ, ಈಚೆ ಹುಸೇನಬಿ. ನಡುವೆ ಜೋಳ.

‘ಮೊರದಾಗಿನ ಬಿಳಿಜ್ವಾಳ...’

ಗೂಟ ಅರ್ಧ ಸುತ್ತಿ ಈಚೆ ಬಂತು.

‘...ಚಿಕ್ಕ್ಯಾಗಿ ಮಿನುಗ್ಯಾವ.’

ಚಿಕ್ಕಿ ಎಂದರೆ ನಕ್ಷತ್ರ. ಮೊರದಲ್ಲಿನ ಬಿಳಿಜೋಳ ನಕ್ಷತ್ರವಾದದ್ದು ಹುಸೇನಬಿಯ ಅರ್ಧದಲ್ಲಿ! ಇಷ್ಟು ವರ್ಷ ಆ ಪದ ಕೇಳಿದ್ದೇನೆ, ಇದು ಗೊತ್ತಿರಲಿಲ್ಲ. ಎರಡು ತಾಸು ಹಾಡಿದರು. ನಡುವೆ ಶಾಂತವ್ವನಿಗೆ ಕೆಮ್ಮು ಬಂದಾಗ ಹುಸೇನಬಿ ಒಬ್ಬರೇ ಕಲ್ಲು ತಿರುಗಿಸಿದರು. ಹಾಡಲಿಲ್ಲ, ಕಾದರು.

ಗುರುವಾರ ಆಪರೇಷನ್ ಆಯಿತು. ಶಾಂತವ್ವ ಆರಾಮಾಗಿದ್ದಾರೆ. ದನಿ ಮಾತ್ರ ಪಿಸುಮಾತಿನಷ್ಟೇ ಉಳಿದಿದೆ. ಇನ್ನು ಹಾಡುವಂತಿಲ್ಲ ಎಂದಿದ್ದಾರೆ ಡಾಕ್ಟರು. ಹೇಳಿದ ದಿನ ಶಾಂತವ್ವ ಅಳಲಿಲ್ಲ. ‘ಹುಸೇನಿಗಿ ನೀವs ಹೇಳ್ರಿ, ನನ್ನಿಂದ ಆಗೂದಿಲ್ಲ’ ಎಂದು ಕೈಸನ್ನೆ, ಪಿಸುಮಾತು ಎರಡೂ ಸೇರಿಸಿ ಹೇಳಿದರು.

ಕಳೆದ ವಾರ ಸೊಲ್ಲಾಪುರದಿಂದ ಶಾಂತವ್ವನ ಮೊಮ್ಮಗಳು ಫೋನು ಮಾಡಿದಳು. ‘ಮಾಮಿ, ಅಜ್ಜಿ ಹಾಡಿದ್ದು ಕಳಸ್ರಿ. ಆದ್ರ ಅಜ್ಜಿ ದನಿ ಅಷ್ಟs ಬೇಕು. ನಡುವ ಬ್ಯಾರೆ ಯಾರ್ದೋ ದನಿ ಬರ್ತದಂತಲ್ಲ, ಅದನ್ನ ತಗದು ಕಳಸ್ರಿ. ನೆನಪಿಗೆ ಇಟ್ಕೊಳಾಕ.’

ಪಾಪ, ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅಜ್ಜಿಯ ದನಿ ಅಜ್ಜಿಯದೇ ಎಂದುಕೊಂಡಿದ್ದಾಳೆ. ನಾನೂ ಹಾಗೇ ಅಂದುಕೊಂಡಿದ್ದೆನಲ್ಲ?

ಬೇರೆ ಬೇರೆ ಮೈಕು, ಬೇರೆ ಬೇರೆ ಚಾನೆಲ್. ಬೇಡದ್ದನ್ನು ಮುಚ್ಚಲು ಒಂದೇ ಬಟನ್ ಸಾಕು. ಹುಸೇನಬಿಯ ಚಾನೆಲ್ ಮುಚ್ಚಿ ಅವಳು ಕೇಳಿದ್ದನ್ನೇ ಕಳಿಸಿದೆ. ಕಲ್ಲಿನ ಸದ್ದನ್ನು ಹಾಗೇ ಬಿಟ್ಟಿದ್ದೆ.

ಮರುದಿನ ಮತ್ತೆ ಫೋನು.

‘ಮಾಮಿ, ಫೈಲ್ ಕೆಟ್ಟೈತ್ರಿ. ಅಜ್ಜಿ ಅರ್ಧಾ ಹಾಡ್ತಾಳ, ಮುಂದ ಬರೇ ಕಲ್ಲಿನ ಸಪ್ಪಳ. ಪ್ರತಿ ಸಾಲಿನಾಗೂ ಹಂಗs.’

‘ಕೆಟ್ಟಿಲ್ಲವ್ವ’ ಎಂದೆ. ‘ಅದು ನೀ ಬ್ಯಾಡಂದಾಕಿ ಹಾಡಿದ ಜಾಗಾ.’