ಬೂದು ಬಣ್ಣದ ಗವಸು

ಅವಳು ಸ್ಕೂಟರಿನ ಸೀಟಿಗೆ ರೆಕ್ಸಿನ್ ಎಳೆದು ಕೂರಿಸುತ್ತಿದ್ದಾಗ ತಮ್ಮ ಬಂದ. ಕೈಯಲ್ಲಿ ಅವನ ಹಳೆಯ ಪೈಲಟ್ ಸಮವಸ್ತ್ರದ ಪ್ಯಾಂಟು. ಬಾಗಿಲಲ್ಲೇ ನಿಂತು ಎತ್ತಿ ತೋರಿಸಿದ.

"ಅಕ್ಕಾ, ಗುಂಡಿ ಹತ್ತಿರಾನೇ ಬರ್ತಿಲ್ಲ. ಏನಾದ್ರೂ ಮಾಡಿಕೊಡು."

"ಅದನ್ನ ಹೊಟ್ಟೆಗೆ ಹೇಳು," ಎಂದಳು ಅವಳು, ತಲೆ ಎತ್ತದೆ. "ಟೈಲ್ಸ್ ಅಂಗಡೀಲಿ ಕೂತು ತಿಂದಿದ್ದು ಇನ್ನೆಲ್ಲಿಗೆ ಹೋಗುತ್ತೆ?"

"ಕಂಪನಿ ಮತ್ತೆ ಶುರುವಾಗುತ್ತಂತೆ. ಹೊಸ ಧಣಿ ಒಪ್ಪಿಕೊಂಡಿದ್ದಾನಂತೆ."

ಅವಳು ಮೊಳೆಗಳನ್ನು ಬಾಯಿಂದ ತೆಗೆದು ತಟ್ಟೆಗೆ ಹಾಕಿದಳು. 'ಅಂತೆ' ಎಂಬ ಮಾತು ಆ ಮನೆಯ ಹೊಸಿಲು ದಾಟಿದ್ದು ಅದೇ ಮೊದಲಲ್ಲ.

ವಿಮಾನ ಕಂಪನಿಯಲ್ಲಿ ಎಲ್ಲರೂ ಅವಳನ್ನು ಟೇಲರಮ್ಮ ಎನ್ನುತ್ತಿದ್ದರು. ಸೀಟುಗಳ ಹೊದಿಕೆ, ಕಿಟಕಿಯ ಪರದೆ, ಸಿಬ್ಬಂದಿಯ ಕೋಟು, ನಿಂತ ವಿಮಾನಕ್ಕೆ ತೊಡಿಸುವ ಗವಸುಗಳು ಎಲ್ಲವೂ ಹ್ಯಾಂಗರಿನ ಹಿಂದಿನ ಕೋಣೆಯಲ್ಲಿ ಅವಳ ಮಿಷನ್ನಿನ ಕೆಳಗೆ ಹಾದು ಹೋಗುತ್ತಿದ್ದವು. ಕಂಪನಿಯದು ಪುಟ್ಟ ವಿಮಾನಗಳು, ರೆಕ್ಕೆಗೊಂದು ಫ್ಯಾನು. ದೊಡ್ಡ ವಿಮಾನಗಳು ಇಳಿಯದ ಊರುಗಳನ್ನು ಅವು ಮುಟ್ಟಿ ಬರುತ್ತಿದ್ದವು. ಒಂದು ಬೆಳಿಗ್ಗೆ ಇಂಧನದ ಲಾರಿ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪ್ರಯಾಣಿಕರು ಪೆಟ್ಟಿಗೆಗಳ ಮೇಲೆ ಕೂತು ಶಾಪ ಹಾಕುತ್ತಿದ್ದರು. ಸಂಜೆಗೆ ಕಚೇರಿಯ ಬಾಗಿಲಿಗೆ ಬೀಗ ಬಿತ್ತು. ಮಿಷನ್ ನಿಲ್ಲಿಸಿದಾಗ ಹ್ಯಾಂಗರಿನಲ್ಲಿ ಒಂದು ಸುತ್ತಿಗೆಯ ಸದ್ದೂ ಇಲ್ಲದ್ದನ್ನು ಟೇಲರಮ್ಮ ಗಮನಿಸಿದ್ದಳು. ಏನೋ ಆಗಿದೆ ಎಂದು ಅವಳಿಗೆ ತಿಳಿದದ್ದು ಹಾಗೆ.

ಆಮೇಲಿನ ಎರಡು ವರ್ಷ ಬರೀ ಮೊಣಕೈಗೆ ಬೆಲ್ಲ. ಹೋಟೆಲುಗಳ ಒಡೆಯನೊಬ್ಬ ಬಂದು ನೋಡಿ ಹೋದ. ಹೊರದೇಶದವರು ಬಂದು ಫೋಟೋ ಹಿಡಿದು ಹೋದರು. ಪ್ರತಿ ಸಲವೂ ಸಿಬ್ಬಂದಿಯ ಬಡಾವಣೆಯಲ್ಲಿ ಇಸ್ತ್ರಿಪೆಟ್ಟಿಗೆ ಬಿಸಿಯಾಗುತ್ತಿತ್ತು, ಪ್ರತಿ ಸಲವೂ ಬಟ್ಟೆ ಮತ್ತೆ ಬೀರುವಿಗೆ ಸೇರುತ್ತಿತ್ತು. ಈ ನಡುವೆ ನಿಂತ ವಿಮಾನಗಳಿಂದ ಒಂದೊಂದೇ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕುತ್ತ ಬಂದರು. ಕೊನೆಗೆ ಪೂರ್ತಿಯಾಗಿ ಉಳಿದದ್ದು ಒಂದು. ಉಳಿದವು ಪುಕ್ಕ ಕಿತ್ತ ಕೋಳಿಗಳ ಹಾಗೆ ಬೇಲಿಯ ಪಕ್ಕ ನಿಂತಿದ್ದವು.

ಹೊಸ ಧಣಿ ಮಾತ್ರ ಬರೀ ಮಾತಿನವನಲ್ಲ ಎನ್ನಿಸಿತು. ಉಳಿದ ಒಂದು ವಿಮಾನಕ್ಕೆ ಬಣ್ಣ ಹೊಡೆಸಿದ. ಹಳೆಯ ನೀಲಿ ಹೋಗಿ ಮೂಗಿನಿಂದ ಬಾಲದವರೆಗೆ ಬೂದು ಬಂತು. ಗಣ್ಯರನ್ನೂ ಬ್ಯಾಂಕಿನವರನ್ನೂ ಕೂರಿಸಿಕೊಂಡು ಒಂದು ಸುತ್ತು ಹಾರಿಸಿ ತೋರಿಸುವುದೆಂದೂ, ಅದು ಸರಿಹೋದರೆ ಎಲ್ಲರನ್ನೂ ಮರಳಿ ಕೆಲಸಕ್ಕೆ ಕರೆಯುವುದೆಂದೂ ತೀರ್ಮಾನವಾಯಿತು. ಹಾರಿಸಲು ಟೇಲರಮ್ಮನ ತಮ್ಮನನ್ನೇ ಕರೆದರು. ಪರೀಕ್ಷೆಗಳನ್ನೆಲ್ಲ ಅವನು ಮತ್ತೆ ಪಾಸು ಮಾಡಿದ್ದ. ಆದರೆ ಆಕಾಶದಲ್ಲಿ ನಿಜವಾದ ವಿಮಾನ ಹಿಡಿದು ಎರಡು ವರ್ಷವಾಗಿತ್ತು.

ಟೇಲರಮ್ಮನೂ ಹಳೆಯ ಕೋಣೆಯ ಕಸ ಗುಡಿಸಿ ಮಿಷನ್ನಿಗೆ ಎಣ್ಣೆ ಬಿಟ್ಟಳು. ಹಿಂದೆ ಮೆಕ್ಯಾನಿಕ್‌ಗಳ ಮುಖ್ಯಸ್ಥನಾಗಿದ್ದ ಹಿರಿಯ ಮೇಸ್ತ್ರಿ ಈಗ ದೂರದ ದೇಶದಲ್ಲಿ ಕೆಲಸ ಹಿಡಿದಿದ್ದ. ಅವನಿಗೆ ಫೋನು ಮಾಡಿ, ನೀವೂ ಬರ್ತೀರಾ ಎಂದು ಕೇಳಿದಳು.

"ಮೊದಲು ಯಾರನ್ನ ಕರೆಸಿದ್ರು ಅಲ್ಲಿಗೆ?" ಎಂದ ಅವನು.

"ಬಣ್ಣ ಹೊಡೆಯೋರನ್ನ."

"ನಾನು ಇಲ್ಲೇ ಇರ್ತೀನಿ ಬಿಡಮ್ಮ," ಎಂದ ಅವನು.

ಅವಳು ಕೆಲಸ ಕಲಿಯಲು ಬಂದ ದಿನವೇ ಈ ಮೇಸ್ತ್ರಿ ಅವಳಿಗೆ ಒಂದು ಕಟ್ಟಳೆ ಹೇಳಿಕೊಟ್ಟಿದ್ದ. ವಿಮಾನದಲ್ಲೇ ಉಳಿಯುವುದು ಯಾವುದೂ ಕೆಂಪಾಗಿರಬಾರದು. ಹಾರುವ ಮೊದಲು ಬಿಚ್ಚಲೇಬೇಕಾದದ್ದು ಯಾವುದೂ ಕೆಂಪಲ್ಲದೆ ಇರಬಾರದು. ಮೂಗಿನ ಎರಡೂ ಬದಿಗೆ ಬೆರಳಿನ ಹಾಗೆ ಚಾಚಿದ ಒಂದೊಂದು ಕೊಳವೆ ಇರುತ್ತದೆ. ಅದರೊಳಗೆ ನುಗ್ಗುವ ಗಾಳಿಯಿಂದಲೇ ವೇಗ ಎಷ್ಟೆಂದು ಒಳಗೆ ಕೂತವರಿಗೆ ತಿಳಿಯುವುದು. ವಿಮಾನ ನಿಂತಾಗ ಕಣಜ ಗೂಡು ಕಟ್ಟದಿರಲಿ ಎಂದು ಆ ಕೊಳವೆಗಳಿಗೆ ಗವಸು ತೊಡಿಸುತ್ತಾರೆ. ಟೇಲರಮ್ಮ ಹೊಲಿದ ಗವಸುಗಳೆಲ್ಲ ಕೆಂಪು, ಅವುಗಳಿಂದ ಮೊಳದುದ್ದದ ಕೆಂಪು ಪಟ್ಟಿ ಇಳಿಬಿದ್ದಿರುತ್ತಿತ್ತು.

ಧಣಿಯ ಕಡೆಯಿಂದ ಬಣ್ಣ, ಬಟ್ಟೆ, ಹೂಕುಂಡ ಇವನ್ನೆಲ್ಲ ನೋಡಿಕೊಳ್ಳುವ ತರುಣನೊಬ್ಬ ಬಂದಿದ್ದ. ಸಿಬ್ಬಂದಿ ಅವನಿಗೆ ಬಣ್ಣದ ಸಾಹೇಬ ಎಂದು ಹೆಸರಿಟ್ಟಿದ್ದರು. ಅವನು ಕೆಂಪು ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಕೋಣೆಗೆ ಬಂದ.

"ಇದೇನಮ್ಮ, ಹರಕು ಲಂಗದ ಲಾಡಿ ಥರ ನೇತಾಡುತ್ತೆ? ಬೆಳಿಗ್ಗೆ ಗಣ್ಯರು ಬರೋವಾಗ ಎಲ್ಲಾ ಫೋಟೋದಲ್ಲೂ ಇದೇ ಕಾಣುತ್ತೆ. ನಮ್ಮ ಬೂದು ಬಟ್ಟೇಲೇ ಹೊಲಿದುಬಿಡಿ. ಲಾಡಿ ಬೇಡ."

"ಅದು ಕೆಂಪೇ ಇರಬೇಕು ಸರ್. ಕಣ್ಣಿಗೆ ಹೊಡೀಲಿ ಅಂತಾನೇ ಹಾಗೆ ಮಾಡೋದು."

"ಅದೇ ನಾನೂ ಹೇಳ್ತಿರೋದು. ಕಣ್ಣಿಗೆ ಹೊಡೀತಿದೆ."

ಅವಳು ತಮ್ಮನನ್ನು ಕೇಳಿದಳು. ಪ್ಯಾಂಟು ತೊಟ್ಟು ನೋಡುತ್ತಿದ್ದ ಅವನು ಕನ್ನಡಿಯಿಂದ ಮುಖ ತಿರುಗಿಸಲಿಲ್ಲ.

"ಹೊಲ್ಕೊಡು ಅಕ್ಕ. ದಡ ಸೇರೋ ಹೊತ್ತಲ್ಲಿ ದೋಣಿಗೆ ತೂತು ಹೊಡೀಬೇಡ. ಹತ್ತೋ ಮುಂಚೆ ಸುತ್ತ ಹೋಗಿ ನೋಡೋನು ನಾನೇ ತಾನೆ?"

ಹಾಗೆ ನೋಡುವುದು ಅವನ ಕೆಲಸವೇ ಆಗಿತ್ತು. ಅವಳು ಬೂದು ಬಟ್ಟೆ ಕತ್ತರಿಸಿದಳು. ಅಳತೆ ಎಷ್ಟು ಸರಿಯಾಗಿ ಬಂತೆಂದರೆ, ತೊಡಿಸಿದ ಮೇಲೆ ನಾಲ್ಕು ಹೆಜ್ಜೆ ದೂರದಿಂದ ಗವಸು ಯಾವುದು, ವಿಮಾನದ ಮೈ ಯಾವುದು ಎಂದು ತಿಳಿಯುತ್ತಿರಲಿಲ್ಲ. ಬಣ್ಣದ ಸಾಹೇಬ ಬೆನ್ನು ತಟ್ಟಿದ. ಅವಳಿಗೂ ಒಂದು ಕ್ಷಣ ಹೆಮ್ಮೆಯೇ ಆಯಿತು.

ಹಾರಾಟದ ಬೆಳಿಗ್ಗೆ ಬಡಾವಣೆಯವರೆಲ್ಲ ಹಗ್ಗದಾಚೆ ನಿಂತಿದ್ದರು. ಟೇಲರಮ್ಮನ ಪಕ್ಕದಲ್ಲಿ ಹಿಂದೆ ಟಿಕೆಟ್ ಕೌಂಟರಿನಲ್ಲಿದ್ದ ಗೆಳತಿ. ಭಾಷಣ ಉದ್ದವಾಯಿತು. ವಿಮಾನವನ್ನು ಸುತ್ತಿ ನೋಡಲು ತಮ್ಮ ಹೊರಟರೆ ಅರ್ಧದಲ್ಲೇ ಧಣಿ ಹೆಗಲ ಮೇಲೆ ಕೈ ಹಾಕಿ ಬ್ಯಾಂಕಿನವರ ಮುಂದೆ ನಿಲ್ಲಿಸಿದ. ಕ್ಯಾಮೆರಾಗಳು ಮುಗಿಯುವಷ್ಟರಲ್ಲಿ ಹೊತ್ತು ಮೀರಿತ್ತು. ಗಣ್ಯರು ಹತ್ತಿದರು, ತಮ್ಮನೂ ಹತ್ತಿದ.

"ಇನ್ನೇನು ನಮ್ಮ ಕಷ್ಟ ಮುಗೀತು ಕಣೇ," ಎಂದಳು ಗೆಳತಿ.

ಸಾಮಾನು ಹೇರುವವನು ಹೊಸ ಸಮವಸ್ತ್ರದ ತೋಳು ಮಡಚುತ್ತ ಹಗ್ಗದ ಹತ್ತಿರ ಬಂದ. "ತಗೊಳ್ಳಿ ಟೇಲರಮ್ಮ, ನಿಮ್ಮ ಸೊತ್ತು," ಎಂದು ಜೇಬಿನಿಂದ ತೆಗೆದುಕೊಟ್ಟ. ಒಂದೇ ಗವಸು.

"ಇನ್ನೊಂದು?"

"ಈ ಕಡೆದು ಇದು. ಆ ಕಡೆದು ಅವರು ಯಾರೋ ತೆಗೆದಿರ್ಬೇಕು."

"ಯಾರು?"

ಅವನು ಸುತ್ತ ನೋಡಿದ. ದಿನಗೂಲಿಗೆ ಕರೆಸಿದ ಮೆಕ್ಯಾನಿಕ್‌ಗಳು ಪೆಂಡಾಲಿನ ನೆರಳಲ್ಲಿ ಕೈಕಟ್ಟಿ ನಿಂತಿದ್ದರು. ಎಡಗಡೆಯ ಫ್ಯಾನು ಆಗಲೇ ತಿರುಗುತ್ತಿತ್ತು. ಜನಕ್ಕೆ ಕಾಣುತ್ತಿದ್ದುದೂ ಎಡಬದಿಯೇ. ಬಲಬದಿ ಖಾಲಿ ಹ್ಯಾಂಗರಿನ ಕಡೆಗಿತ್ತು.

ಅವಳು ಹಗ್ಗ ಎತ್ತಿ ನುಸುಳಿದಳು. ಹಿಂದೆ ಯಾರೋ ಕೂಗಿದರು. ಬಲಗಡೆಯ ಫ್ಯಾನೂ ತಿರುಗತೊಡಗಿತು. ಆ ಕಡೆಗೆ ಹೋಗುವಂತಿರಲಿಲ್ಲ. ಅವಳು ದೂರದಿಂದ ಬಳಸಿಕೊಂಡು ವಿಮಾನದ ನೇರ ಮುಂದೆ, ತಮ್ಮನ ಕಣ್ಣಿಗೆ ಬೀಳುವ ಕಡೆ ಹೋಗಿ ನಿಂತಳು. ಎರಡೂ ಕೈಯನ್ನು ತಲೆಯ ಮೇಲೆತ್ತಿ, ಒಂದರ ಮೇಲೊಂದು ಅಡ್ಡ ಹಿಡಿದಳು. ನಿಲ್ಲಿಸು ಎಂಬುದಕ್ಕೆ ವಿಮಾನ ನಿಲ್ದಾಣದಲ್ಲಿ ಬಳಸುವ ಸನ್ನೆ ಅದು. ಪ್ರತಿದಿನ ಕಿಟಕಿಯಿಂದ ನೋಡಿ ನೋಡಿ ಅವಳಿಗೆ ಗೊತ್ತಿತ್ತು.

ಫ್ಯಾನುಗಳು ನಿಧಾನವಾಗಿ ನಿಂತವು.

ತಮ್ಮ ಇಳಿದು ಬಂದ. ಅವಳ ಕೈಯಲ್ಲಿದ್ದುದನ್ನು ನೋಡಿ ನೇರವಾಗಿ ಬಲಬದಿಗೆ ಹೋದ. ಕೊಳವೆಯ ಮೇಲೆ ಕೈಯಿಟ್ಟ. ಬಟ್ಟೆಯನ್ನು ಎಳೆದು, ಮುದುರಿ, ಜೇಬಿಗೆ ಹಾಕಿಕೊಂಡ. ಜನರಿದ್ದ ಕಡೆಯಿಂದ ಅದು ಯಾರಿಗೂ ಕಾಣಲಿಲ್ಲ.

"ಮನೆಗೆ ಹೋಗಕ್ಕ," ಎಂದ.

ಆ ದಿನ ಹಾರಾಟ ಆಗಲಿಲ್ಲ. ಗಲಾಟೆ ಕಂಡು ಗಣ್ಯರು ಇಳಿದರು, ಕಾರುಗಳು ಹೋದವು. ತಮ್ಮನಿಗೆ ಏನಾಗುತ್ತದೋ ಎಂಬ ಹೆದರಿಕೆಯಿಂದ ಅಕ್ಕ ತಲೆಕೆಟ್ಟವಳ ಹಾಗೆ ಓಡಿಬಂದಳು ಎಂಬುದಷ್ಟೇ ಊರಿಗೆ ಗೊತ್ತಾದದ್ದು. ವಿಡಿಯೋ ಎಲ್ಲರ ಫೋನಿನಲ್ಲೂ ಇತ್ತು. ನಲ್ಲಿಯ ಹತ್ತಿರ ಗೆಳತಿ ಮುಖ ತಿರುಗಿಸಿಕೊಂಡೇ ಮಾತಾಡಿದಳು.

"ನಿನ್ನ ತಮ್ಮನಿಗೆ ಟೈಲ್ಸ್ ಅಂಗಡಿ ಇದೆ. ನಮಗೇನಿದೆ? ಬಾಯಿಗೆ ಬಂದ ತುತ್ತು."

ಟೇಲರಮ್ಮ ಕೊಡ ಎತ್ತಿಕೊಂಡು ಬಂದಳು. ಅಂದೇ ತಮ್ಮನ ಮನೆಗೆ ಹೋಗಿ, "ಇದ್ದದ್ದನ್ನ ಇದ್ದ ಹಾಗೆ ಹೇಳಿಬಿಡ್ತೀನಿ," ಎಂದಳು.

"ಹೇಳು. ನೋಡಬೇಕಾಗಿದ್ದೋನು ನಾನು, ನೋಡಲಿಲ್ಲ. ನನ್ನ ಲೈಸೆನ್ಸ್ ಹೋಗುತ್ತೆ," ಎಂದ ಅವನು. ತಮ್ಮನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಅತ್ತಿಗೆ, ಇನ್ನೊಂದು ಸಲ ನೋಡ್ಕೊಂಡು ಹೋಗ್ತಾರೆ ಬಿಡಿ. ಒಂದು ಸಲ ಆದದ್ದು ಎರಡು ಸಲ ಆಗುತ್ತಾ?"

ಟೇಲರಮ್ಮ ಎದ್ದು ಮನೆಗೆ ಬಂದಳು. ಕೊಳವೆ, ಗವಸು ಎಂಬ ಮಾತನ್ನು ಹೊರಗೆ ಎಲ್ಲೂ ಆಡಲಿಲ್ಲ.

ಕೆಲವು ದಿನಗಳ ಮೇಲೆ ಪೇಟೆಯಲ್ಲಿ ಸೋಫಾ ಹೊಲಿಯುವವನು ಅವಳ ಬಾಗಿಲಿಗೆ ಬಂದ. ಕಂಕುಳಲ್ಲಿ ಬೂದು ಬಟ್ಟೆಯ ಸುರುಳಿ. ವಿಮಾನದ ಕೆಲಸ ಈಗ ತನಗೆ ಕೊಟ್ಟಿದ್ದಾರೆಂದೂ, ಹಳೆಯ ಗವಸು ಎಲ್ಲೋ ಕಳೆದಿದೆಯೆಂದೂ, ಅಳತೆ ಬೇಕೆಂದೂ ಸಂಕೋಚದಿಂದ ಹೇಳಿದ.

"ಕೊನೇಲಿ ಒಂದು ಕೆಂಪು ಪಟ್ಟಿ ಹಾಕಪ್ಪ. ಮೊಳದುದ್ದ."

"ಪಟ್ಟಿ ಬೇಡ ಅಂತ ಖಡಾಖಂಡಿತವಾಗಿ ಹೇಳಿದ್ದಾರಮ್ಮ."

ಹಾರಾಟ ಮುಂದಿನ ತಿಂಗಳ ಮೊದಲ ಸೋಮವಾರಕ್ಕೆ ನಿಗದಿಯಾಗಿದೆ. ಹಗ್ಗದ ಜಾಗದಲ್ಲಿ ಈ ಸಲ ಕಬ್ಬಿಣದ ಬೇಲಿ ಹಾಕಿಸುತ್ತಿದ್ದಾರೆ. ವಿಮಾನ ನಡೆಸುವವನು ತಮ್ಮನೇ.